ಇಪ್ಪತ್ತೊಂಬತ್ತು, ಪಕ್ಕದಲ್ಲಿ ಚುಕ್ಕೆ

ಅಂಗಡಿಯ ಕತ್ತರಿ ಮೇಜಿನಿಂದ,
ಮಂಗಳವಾರ, ಹದಿನೇಳನೇ ತಾರೀಕು, ಬೆಳಿಗ್ಗೆ ಆರೂವರೆ

ನನ್ನ ಕಾಜಾರಾಣಿಗೆ,

ಮೂವತ್ತೊಂದು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಎರಡನೇ ಪತ್ರ ಇದು. ಮೊದಲನೆಯದನ್ನು ಮದುವೆಗೆ ಮುಂಚೆ ಬರೆದಿದ್ದೆ. ಅದರಲ್ಲಿ ಹನ್ನೊಂದು ತಪ್ಪಿದ್ದವೆಂದು ಇವತ್ತಿಗೂ ಬೆರಳು ಮಡಿಸಿ ಎಣಿಸಿ ಹೇಳುತ್ತೀಯ. ಇದರಲ್ಲಿರುವ ತಪ್ಪು ಅದಕ್ಕಿಂತ ದೊಡ್ಡದು, ಆದರೆ ಅಕ್ಷರದ್ದಲ್ಲ.

ಅಕ್ಕನ ಮನೆಯಲ್ಲಿ ಹೇಗಿದ್ದೀಯ? ಕೈ ಹೇಗಿದೆ ಎಂದು ಎಲ್ಲರೂ ಕೇಳುತ್ತಿರುತ್ತಾರೆ, ನಾನು ನಿನ್ನನ್ನು ಕೇಳುತ್ತಿದ್ದೇನೆ. ಊಟ ಸೇರುತ್ತಿದೆಯೇ? ಅತ್ತಿಗೆ ಒಂದು ತುತ್ತು ಹೆಚ್ಚು ಬಡಿಸಿದರೆ ಮುಖ ಗಂಟಿಕ್ಕಬೇಡ, ಅಕ್ಕನಾದವಳು ಇನ್ನೇನು ಮಾಡಿಯಾಳು? ಷಡ್ಡಕ ಸಾಹೇಬರ ಗೊರಕೆ ಗೋಡೆ ದಾಟಿ ಬರುತ್ತದೆಂದು ನೀನೇ ಹೇಳಿದ್ದೆ. ಕಿವಿಗೆ ಹತ್ತಿ ಇಟ್ಟುಕೋ. ಮಲಗುವಾಗ ಎಡಗೈ ಕೆಳಗೆ ದಿಂಬು ಇರಲಿ, ಎಡಕ್ಕೆ ಹೊರಳಬೇಡ. ಇದನ್ನೆಲ್ಲ ನಿನಗೆ ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ, ಆದರೂ ಬಾಯಿ ಸುಮ್ಮನಿರುವುದಿಲ್ಲ ನೋಡು.

ನಾನು ಚೆನ್ನಾಗಿದ್ದೇನೆ. ಕಾರ್ಖಾನೆಯ ಕಾವಲುಗಾರರ ನಲವತ್ತು ಅಂಗಿಗಳಲ್ಲಿ ಮೂವತ್ತೆರಡು ಮುಗಿದವು. ಕಾಜಾ ನಾನೇ ಹಾಕುತ್ತಿದ್ದೇನೆ. ನೀನು ಒಂದು ಗುಂಡಿಯ ತೂತಿಗೆ ನೂಲು ಸುತ್ತಿ ಮುಗಿಸುವ ಹೊತ್ತಿಗೆ ನಾನು ಸೂಜಿಗೆ ದಾರ ಪೋಣಿಸಿರುತ್ತೇನೆ ಅಷ್ಟೆ. ನಿನ್ನೆ ಕಾವಲುಗಾರರ ಮೇಸ್ತ್ರಿ ಬಂದು ಒಂದು ಅಂಗಿ ಎತ್ತಿ ನೋಡಿ, "ಏನ್ ಮಾಸ್ಟರೇ, ಕಾಜಾನೋ ಇಲಿ ಕಡಿದದ್ದೋ?" ಎಂದ. ನನಗೆ ನಗು ಬರಲಿಲ್ಲ. ನೀನಿದ್ದಿದ್ದರೆ ಅವನಿಗೆ ಸರಿಯಾದ ಉತ್ತರ ಸಿಗುತ್ತಿತ್ತು. ಬಾಗಿಲ ಹತ್ತಿರದ ನಿನ್ನ ಮಣೆಯ ಮೇಲೆ ಕೂತರೆ ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಅಲ್ಲಿ ಕೂರಲು ಮನಸ್ಸಾಗಲಿಲ್ಲ, ಇಸ್ತ್ರಿ ಮೇಜಿನ ಪಕ್ಕ ಕತ್ತಲಲ್ಲೇ ಕೂತು ಹಾಕಿದೆ. ಅದಕ್ಕೇ ಇಲಿ ಕಡಿದ ಹಾಗಾಯಿತು ಎಂದುಕೋ.

ಫೋನಿನಲ್ಲಿ ಹೇಳಬಹುದಿತ್ತು ಎನ್ನುತ್ತೀಯ. ಹೇಳಲೆಂದೇ ಭಾನುವಾರ ಎರಡು ಸಲ ಫೋನ್ ಮಾಡಿದೆ. ಅತ್ತಿಗೆ ಎಂದಿನಂತೆ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಹಿಂದಿನಿಂದ ಷಡ್ಡಕರು "ಗುರುವಾರ ದೊಡ್ಡ ಸ್ಕ್ಯಾನ್ ಇದೆ, ಧೈರ್ಯವಾಗಿರಿ" ಎಂದರು. ಧೈರ್ಯ ಎಂಬ ಮಾತು ಕೇಳಿದ್ದೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಫೋನ್ ಇಟ್ಟುಬಿಟ್ಟೆ. ಆದ್ದರಿಂದ ಪತ್ರ. ಬಟ್ಟೆ ಗಂಟುಗಳನ್ನು ಸಾಗಿಸುವ ವ್ಯಾನಿನ ಡ್ರೈವರು ಒಂಬತ್ತಕ್ಕೆ ಹೊರಡುತ್ತಾನೆ, ಮಧ್ಯಾಹ್ನದ ಹೊತ್ತಿಗೆ ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಇದನ್ನು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಓದು.

ವಿಷಯ ನಿನ್ನ ಕೈಯ ಅಳತೆಯ ಪುಸ್ತಕದ್ದು. ಅದು ಶುರುವಾದದ್ದು ನಿನಗೂ ನೆನಪಿದೆ. ಎದೆಯ ಆಪರೇಷನ್ನು, ಆಮೇಲೆ ಔಷಧಿ, ಕರೆಂಟು, ಎಲ್ಲ ಮುಗಿದು ಮನೆಗೆ ಕಳಿಸುವ ದಿನ ಫಿಸಿಯೋ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಕಂಕುಳಿನ ಗಂಟುಗಳನ್ನು ತೆಗೆದಿರುವುದರಿಂದ ಆ ಕೈಯ ನೀರು ಹರಿದುಹೋಗುವ ದಾರಿ ಕಡಿಮೆಯಾಗಿದೆ, ಯಾವಾಗ ಬೇಕಾದರೂ ಊತ ಶುರುವಾಗಬಹುದು, ಕಣ್ಣಿಗೆ ಕಾಣುವ ಮೊದಲೇ ಹಿಡಿಯಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೊಂದು ಯಂತ್ರ ಇದೆಯಂತೆ. ನಮಗೆ ಅವರು ಕೊಟ್ಟದ್ದು ಒಂದು ಗೆರೆ ಪುಸ್ತಕ. ವಾರಕ್ಕೊಂದು ದಿನ, ಒಂದೇ ಹೊತ್ತಿಗೆ, ಮಣಿಕಟ್ಟಿನ ಮೂಳೆಯಿಂದ ಮೇಲಕ್ಕೆ ನಾಲ್ಕು ಕಡೆ, ಎರಡೂ ಕೈ, ಅಳೆಯುವವರು ಒಬ್ಬರೇ ಇರಲಿ. "ಟೇಪು ಚರ್ಮ ಮುಟ್ಟಬೇಕು, ಚರ್ಮ ಕಚ್ಚಬಾರದು" ಎಂದರು. ನಾನು ದರ್ಜಿ ಎಂದು ಗೊತ್ತಾದಾಗ ನಕ್ಕು, "ನಿಮ್ಮನೇಲೇ ಯಂತ್ರ ಇದೆಯಲ್ಲಮ್ಮ" ಎಂದು ನಿನ್ನ ಬೆನ್ನು ತಟ್ಟಿದರು. ದಾರಿಯಲ್ಲಿ ನೀನು ಅವರಿಗೆ ಟೇಪಿನಮ್ಮ ಎಂದು ಹೆಸರಿಟ್ಟೆ, ನನ್ನನ್ನು ಮೂರು ದಿನ ಯಂತ್ರ ಎಂದೇ ಕರೆದೆ. ಆ ಯಂತ್ರ ಕೆಟ್ಟದ್ದು ಯಾವಾಗ ಎಂಬುದನ್ನೇ ಈಗ ಹೇಳಬೇಕಾಗಿದೆ.

ಅದಕ್ಕೆ ಮೊದಲು ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಇಷ್ಟು ವರ್ಷ ಒಂದೇ ಅಂಗಡಿಯಲ್ಲಿ ಕೂತರೂ ಇದನ್ನು ನಿನಗೆ ಹೇಳಿರಲಿಲ್ಲ. ಕಾಜಾ ಹಾಕುವವರಿಗೆ ಸುತ್ತಳತೆ ಬೇಕಾಗುವುದಿಲ್ಲ, ಅದು ಕತ್ತರಿ ಹಿಡಿದವನ ಕೆಲಸ. ನಮ್ಮ ಅಂಗಡಿಗೆ ಬರುವ ಬ್ಯಾಂಕ್ ಮ್ಯಾನೇಜರು ಗೊತ್ತಲ್ಲ? ಅವರ ಸೊಂಟ ನಲವತ್ತೆರಡು. ನಾನು ಗಟ್ಟಿಯಾಗಿ "ನಲವತ್ತು" ಎನ್ನುತ್ತೇನೆ, ಅವರು ಕನ್ನಡಿಯಲ್ಲಿ ನೋಡಿಕೊಂಡು ಹಿಗ್ಗುತ್ತಾರೆ. ಅಳತೆ ಪುಸ್ತಕಕ್ಕೆ ಕಣ್ಣು ಹಾಯಿಸಿದರೂ ಅಲ್ಲಿ ನಲವತ್ತೇ ಇರುತ್ತದೆ, ಪಕ್ಕದಲ್ಲಿ ನಾಲ್ಕು ಚುಕ್ಕೆ. ಒಂದು ಚುಕ್ಕೆಗೆ ಅರ್ಧ ಸೇರಿಸಿ ಕತ್ತರಿಸಬೇಕು ಎಂಬುದು ನನಗೆ ಕಸುಬು ಕಲಿಸಿದ ಯಜಮಾನರ ಲೆಕ್ಕ. "ಗಿರಾಕಿ ಕಿವಿಗೆ ಒಂದು ಅಳತೆ, ಬಟ್ಟೆಗೆ ಇನ್ನೊಂದು. ಎರಡೂ ಸುಳ್ಳಲ್ಲ ಕಣೋ" ಎನ್ನುತ್ತಿದ್ದರು. ಪ್ಯಾಂಟು ಸರಿಯಾಗಿ ಕೂರುತ್ತದೆ, ಮನುಷ್ಯನ ಮನಸ್ಸೂ ನೋಯುವುದಿಲ್ಲ. ಮೂವತ್ತೈದು ವರ್ಷ ಈ ಚುಕ್ಕೆಯಿಂದ ಯಾರಿಗೂ ಕೇಡಾಗಿರಲಿಲ್ಲ.

ಐದು ತಿಂಗಳ ಹಿಂದಿನ ಒಂದು ಭಾನುವಾರ. ನೀನು ಕಿಟಕಿಯ ಹತ್ತಿರ ಮೇಜಿನ ಮೇಲೆ ಕೈ ಚಾಚಿ ಕೂತಿದ್ದೆ. ಅದರ ಹಿಂದಿನ ದಿನ ತಾನೇ ಹನ್ನೊಂದು ತಿಂಗಳ ಮೇಲೆ ಮೊದಲ ಸಲ ಅಂಗಡಿಗೆ ಬಂದು ಒಂದು ಅಂಗಿಗೆ ಆರು ಕಾಜಾ ಹಾಕಿದ್ದೆ. ಬೆಳಿಗ್ಗೆ ಎದ್ದವಳು ಅದನ್ನೇ ಹೇಳುತ್ತಿದ್ದೆ, ಬೆರಳು ಮರೆತಿಲ್ಲ ರೀ, ಬೆರಳು ಮರೆತಿಲ್ಲ ಎಂದು. ಮೊಣಕೈಯ ಮೇಲಿನ ನಾಲ್ಕನೇ ಕಡೆಗೆ ಟೇಪು ಸುತ್ತಿದೆ. ಅಲ್ಲಿ ಯಾವಾಗಲೂ ಇಪ್ಪತ್ತೊಂಬತ್ತು ಸೆಂಟಿಮೀಟರ್ ಇರುತ್ತಿತ್ತು, ಬಲಗೈಗೂ ಅಷ್ಟೇ. ಅವತ್ತು ಇಪ್ಪತ್ತೊಂಬತ್ತೂವರೆ. ಬಿಚ್ಚಿ ಮತ್ತೆ ಸುತ್ತಿದೆ, ಅಷ್ಟೇ. ನೀನು ನನ್ನ ಮುಖ ನೋಡಿದೆ. ಆ ಮುಖಕ್ಕೆ "ಅರ್ಧ ಹೆಚ್ಚಿದೆ" ಎಂದು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಇಪ್ಪತ್ತೊಂಬತ್ತು ಎಂದೆ. ಇಪ್ಪತ್ತೊಂಬತ್ತು ಎಂದೇ ಬರೆದೆ. ಬರೆದ ಕೈ ತಾನಾಗಿಯೇ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಿತು.

ಮುಂದಿನ ವಾರ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಬಿಸಿಲು ಹೆಚ್ಚಿದೆ, ಅದಕ್ಕೆ ಎಂದುಕೊಂಡೆ. ಬಿಸಿಲು ತಗ್ಗಿತು, ಚುಕ್ಕೆ ಎರಡಾಯಿತು. ತಪಾಸಣೆಯ ದಿನ ಬಂದಾಗ ಮೇಡಂ ಹೇಗೂ ತಮ್ಮ ಟೇಪಿನಲ್ಲಿ ಅಳೆಯುತ್ತಾರಲ್ಲ, ಅವರ ಬಾಯಿಂದಲೇ ಬರಲಿ ಎಂದು ಜಾರಿಕೊಳ್ಳಲು ನೋಡಿದೆ. ಅವರು ರಜೆಯಲ್ಲಿದ್ದರು. ಡಾಕ್ಟರು ಪುಸ್ತಕ ತಿರುವಿ, ಸಾಲಾಗಿ ಇಪ್ಪತ್ತೊಂಬತ್ತು ನೋಡಿ "ಭೇಷ್" ಎಂದರು. ಇಷ್ಟು ಅಚ್ಚುಕಟ್ಟಾಗಿ ಬರೆಯುವವರನ್ನು ನೋಡಿಲ್ಲ ಎಂದು ಹೊಗಳಿದರು. ಹೊಗಳಿಸಿಕೊಂಡು ಬಂದೆ ನಾನು. ಆಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಆ ಪುಸ್ತಕ ಇಟ್ಟುಕೊಂಡಿದ್ದೆ. ಪ್ರತಿ ಭಾನುವಾರ ಹೊಸ ಪುಟ ತೆಗೆಯುತ್ತಿದ್ದೆನೇ ಹೊರತು ಹಿಂದಿನ ಪುಟ ತಿರುಗಿಸಿ ನೋಡುವ ಧೈರ್ಯ ಒಂದು ದಿನವೂ ಬರಲಿಲ್ಲ.

ಇಷ್ಟೇ ಆಗಿದ್ದರೆ ಹೇಡಿತನ ಎಂದು ಬಿಡಬಹುದಿತ್ತು. ಅದಕ್ಕಿಂತ ಕೀಳು ಕೆಲಸವನ್ನೂ ಮಾಡಿದ್ದೇನೆ. ಮೂರನೇ ತಿಂಗಳಲ್ಲಿ ಒಂದು ದಿನ ನೀನು ನೀಲಿ ರವಿಕೆ ಹಾಕಿಕೊಳ್ಳುತ್ತ, ಎಡಗಡೆ ತೋಳು ಹಿಡಿಯುತ್ತಿದೆಯಲ್ಲ ಎಂದೆ. ಒಗೆದು ಬಟ್ಟೆ ಕುಗ್ಗಿದೆ ಎಂದು ನಾನೇ ಹೇಳಿದೆ. ಮರುದಿನ ಇಸ್ತ್ರಿಗೆ ಎಂದು ನಿನ್ನ ನಾಲ್ಕೂ ರವಿಕೆಗಳನ್ನು ಅಂಗಡಿಗೆ ತಂದು, ಎಡತೋಳಿನ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿದ ಬಟ್ಟೆ ಬಿಟ್ಟು ಸಡಿಲ ಮಾಡಿದೆ. ಹಳೆ ಹೊಲಿಗೆಯ ಸೂಜಿತೂತು ಕಾಣದಿರಲಿ ಎಂದು ನೀರು ಚಿಮುಕಿಸಿ ಎರಡೆರಡು ಸಲ ಇಸ್ತ್ರಿ ಹೊಡೆದೆ. ತೋಳು ಬಿಗಿಯಾದರೆ ಎಚ್ಚರವಾಗಿ ಎಂದು ಮೇಡಂ ಹೇಳಿಕೊಟ್ಟಿದ್ದರು. ಆ ಎಚ್ಚರಿಕೆಯ ಗಂಟೆಯ ನಾಲಿಗೆಯನ್ನೇ ನಾನು ಕಟ್ಟಿಹಾಕಿದೆ. ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಹಿಡಿದು, ಬಿಟ್ಟ ಮೇಲೆ ಗುಳಿ ಉಳಿಯುತ್ತದೆಯೇ ನೋಡಬೇಕು ಎಂದೂ ಹೇಳಿದ್ದರು. ಗುಳಿ ಉಳಿಯಿತು. ಅದನ್ನು ನನ್ನ ಅಂಗೈಯಿಂದ ಮುಚ್ಚಿ, ಏನೂ ಇಲ್ಲ ಬಿಡು ಎಂದೆ.

ಹೋದ ಬುಧವಾರ ನಡೆದದ್ದನ್ನು ನೀನು ನೋಡಿದೆ. ಟೇಪಿನಮ್ಮ ಅಳೆದರು, ಮೂವತ್ತೊಂದೂವರೆ ಬಂತು. ಪುಸ್ತಕ ನೋಡಿದರು, ಮೂರು ದಿನದ ಹಿಂದಿನ ಭಾನುವಾರ ಇಪ್ಪತ್ತೊಂಬತ್ತು. ಆ ಇಪ್ಪತ್ತೊಂಬತ್ತರ ಪಕ್ಕ ಐದು ಚುಕ್ಕೆ ಇದ್ದವು. ಅವರಿಗೆ ಅದು ಪೆನ್ಸಿಲ್ಲಿನ ಗುರುತು, ಇನ್ನೇನೂ ಅಲ್ಲ. ಅವರ ಮುಖ ಬದಲಾಯಿತು. ಡಾಕ್ಟರನ್ನು ಕರೆದರು. "ಮೂರೇ ದಿನದಲ್ಲಿ ಇಷ್ಟು ಊದೋದು ಸರಿಯಲ್ಲ. ರಕ್ತನಾಳ ನೋಡಬೇಕು. ಕಾಯಿಲೆ ಮತ್ತೆ ತಲೆಯೆತ್ತಿದೆಯಾ ಅಂತಾನೂ ನೋಡಬೇಕು" ಎಂದರು ಡಾಕ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೂರು ದಿನದ್ದಲ್ಲ ಸ್ವಾಮಿ, ಐದು ತಿಂಗಳದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತೆ. ನೀನು ನನ್ನನ್ನು ನೋಡಿ, "ನೀವು ಹೋಗಿ, ಅಂಗಿ ಮುಗಿಸಿ. ಅಕ್ಕ ಇದ್ದಾಳಲ್ಲ" ಎಂದೆ. ಅದನ್ನೇ ಕಾಯುತ್ತಿದ್ದವನ ಹಾಗೆ ಬಸ್ ಹತ್ತಿದೆ.

ಶನಿವಾರ ನೀನು ರಕ್ತನಾಳದ ಪರೀಕ್ಷೆ ಮಾಡಿಸಿಕೊಂಡೆ. ಗುರುವಾರ ಆ ದೊಡ್ಡ ಸ್ಕ್ಯಾನಿನ ಯಂತ್ರದೊಳಗೆ ಮಲಗಬೇಕು. ಹೋದ ಸಲ ಅದರೊಳಗಿಂದ ಹೊರಬಂದ ದಿನ ನಿನ್ನ ಕೈ ಎಷ್ಟು ತಣ್ಣಗಿತ್ತು ಎಂಬುದು ನನಗೆ ಗೊತ್ತು. ಕಾಯಿಲೆ ಮತ್ತೆ ಬಂದಿರಬಹುದು ಎಂಬ ಭಯವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಆರು ದಿನದಿಂದ ನೀನು ಅಲ್ಲಿ ಮಲಗುತ್ತಿದ್ದೀಯ. ಆ ಭಯ ನಾನು ಕೊಟ್ಟದ್ದು. ಸ್ಕ್ಯಾನ್ ಬೇಕೋ ಬೇಡವೋ ಹೇಳಲು ನಾನು ಡಾಕ್ಟರಲ್ಲ, ಬೇಕೆಂದರೆ ಮಾಡಲಿ. ಆದರೆ ನಿಜವಾದ ಅಳತೆ ಕೈಯಲ್ಲಿಟ್ಟುಕೊಂಡು ತೀರ್ಮಾನ ಮಾಡಲಿ. ಇದು ಇದ್ದಕ್ಕಿದ್ದಂತೆ ಬಂದ ಊತವಲ್ಲ ಕಣೇ, ವಾರ ವಾರವೂ ನನ್ನ ಕಣ್ಣೆದುರಿಗೇ ಏರಿದ್ದು.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಮೊದಲ ಚುಕ್ಕೆಯ ದಿನವೇ ಹೋಗಿದ್ದರೆ ಒಂದು ಬಿಗಿಯಾದ ತೋಳುಗವಸು ಹಾಕಿಕೊಂಡು, ಒಂದಷ್ಟು ವ್ಯಾಯಾಮ ಮಾಡಿಕೊಂಡು ಇಳಿಸಬಹುದಿತ್ತು. ಮೇಡಂ ಅದನ್ನು ಶುರುವಿನಲ್ಲೇ ಹೇಳಿದ್ದರು. ತಡವಾದಷ್ಟೂ ಒಳಗೆ ಗಟ್ಟಿಯಾಗುತ್ತದೆ, ಆಮೇಲೆ ವಾರಗಟ್ಟಲೆ ಪಟ್ಟಿ ಸುತ್ತಿದರೂ ಪೂರ್ತಿ ಇಳಿಯುವುದಿಲ್ಲ ಎಂದೂ ಹೇಳಿದ್ದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗೆ ಮಾಡಿದೆ. ಬಟ್ಟೆ ಹಿಡಿಯುವುದು ನಿನ್ನ ಎಡಗೈ. ಆ ಕೈ ಭಾರವಾದರೆ ಬಲಗೈಯ ಸೂಜಿ ಏನು ಮಾಡೀತು? ಬೆರಳು ಮರೆತಿಲ್ಲ ಎಂದು ನೀನು ಹಿಗ್ಗಿದ ಆ ಒಂದು ಬೆಳಗನ್ನು ಉಳಿಸಲು ಹೋಗಿ, ಉಳಿದ ಬೆಳಗುಗಳನ್ನೆಲ್ಲ ಹಾಳು ಮಾಡಿದೆನೇನೋ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ. ಗಿರಾಕಿಯ ಬಟ್ಟೆ ಕೆಡಿಸಿದರೆ ಹೊಸ ಬಟ್ಟೆ ತಂದುಕೊಡಬಹುದು.

ಈ ಪತ್ರ ಮುಗಿದ ಮೇಲೆ ಆ ಪುಸ್ತಕವನ್ನು ಮೊದಲಿನಿಂದ ತಿರುವಿ, ಚುಕ್ಕೆಗಳನ್ನೆಲ್ಲ ಕೂಡಿಸಿ, ಪ್ರತಿ ವಾರದ ನಿಜವಾದ ಅಳತೆಯನ್ನು ಬೇರೊಂದು ಹಾಳೆಯಲ್ಲಿ ಬರೆಯುತ್ತೇನೆ. ಹಾಳೆ, ಪುಸ್ತಕ ಎರಡನ್ನೂ ಇದರ ಜೊತೆ ಕಟ್ಟಿ ಕಳಿಸುತ್ತೇನೆ. ಇವತ್ತು ಸಂಜೆಯೇ ಮೇಡಂ ಕೈಗೆ ಕೊಡು. ಯಾರು ಬರೆದದ್ದು ಎಂದು ಕೇಳಿದರೆ ನನ್ನ ಹೆಸರು ಹೇಳು, ಮರ್ಯಾದೆ ನೋಡಬೇಡ. ಅಂಗಿಗಳು ಎಂಟು ಉಳಿದಿವೆ, ಉಳಿಯಲಿ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಮನೆಯಲ್ಲೇ ಪಟ್ಟಿ ಸುತ್ತಲು ಯಾರಾದರೂ ಕಲಿಯಬೇಕು ಎಂದು ಮೇಡಂ ಅವತ್ತೇ ಹೇಳಿದರಲ್ಲ, ಕಲಿಯುತ್ತೇನೆ. ಈ ಕೈ ನಿನ್ನ ಕೈ ಮುಟ್ಟುವುದು ಬೇಡ ಎನ್ನಿಸಿದರೆ ಅತ್ತಿಗೆಗೆ ಕಲಿಸಲಿ, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ನೀನು ಹೇಳಿದಂತೆ.

ಅತ್ತಿಗೆಗೂ ಷಡ್ಡಕರಿಗೂ ನನ್ನ ನಮಸ್ಕಾರ. ಅವರಿಗೆ ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು. ಬೈಯುವುದಿದ್ದರೆ ಕೂಡಿಟ್ಟುಕೊಂಡು ನಾಳೆ ಒಟ್ಟಿಗೆ ಬೈದುಬಿಡು, ಆದರೆ ಇವತ್ತು ಹೊಟ್ಟೆತುಂಬ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಎಂದು ಬಯಸುವ ಹಕ್ಕಾದರೂ ನನಗಿರಲಿ.

ನಿನ್ನವನು,
ಕೆಟ್ಟುಹೋದ ಯಂತ್ರ

ವಿ.ಸೂ.: ವ್ಯಾನಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಳೆಗೆ ಅಳತೆ ಇಳಿಸುತ್ತ ಮೂರನೇ ತಿಂಗಳಿಗೆ ಬಂದೆ. ಅಣ್ಣನ ಕಣ್ಣಿನ ಆಪರೇಷನ್ನಿಗೆಂದು ನಾನು ಊರಲ್ಲಿಲ್ಲದ ಎರಡು ಭಾನುವಾರ ನೀನೇ ಅಳೆದುಕೊಂಡಿದ್ದೆಯಲ್ಲ, ಆ ಎರಡು ಪುಟ ಇವತ್ತೇ ನೋಡಿದೆ. ನಿನ್ನ ಅಕ್ಷರ, ನಿನ್ನ ಪೆನ್ಸಿಲ್ಲು. ನಾಲ್ಕನೇ ಸಾಲಿನಲ್ಲಿ ಇಪ್ಪತ್ತೊಂಬತ್ತು ಎಂದು ಬರೆದು ಪಕ್ಕದಲ್ಲಿ ಮೂರು ಚುಕ್ಕೆ ಇಟ್ಟಿದ್ದೀಯ. ಮುಂದಿನ ಭಾನುವಾರವೂ ಮೂರು. ಹಾಗಾದರೆ ನಿನಗೆ ಚುಕ್ಕೆ ಓದಲು ಬರುತ್ತಿತ್ತು. ಮೊದಲ ದಿನದಿಂದ ಬರುತ್ತಿತ್ತೇ? ಸಡಿಲ ಮಾಡಿದ ತೋಳು ನಿನ್ನಂಥ ಕೆಲಸಗಾತಿಗೆ ಕಾಣದೆ ಇರುತ್ತದೆಯೇ? ನಾನೆಂಥ ದಡ್ಡ. ನಾನು ವಾಪಸ್ ಬಂದ ದಿನ ಬಾಗಿಲಲ್ಲೇ ನಿಂತು "ಎಲ್ಲ ಅಷ್ಟೇ ಇದೆ ರೀ" ಎಂದೆಯಲ್ಲ. ನೀನು ಹೆದರುತ್ತೀಯ ಎಂದು ನಾನು ಹೇಳಲಿಲ್ಲ, ನಾನು ಹೆದರುತ್ತೇನೆ ಎಂದು ನೀನು ಹೇಳಲಿಲ್ಲ. ಶನಿವಾರ ಆ ಪರೀಕ್ಷೆಗೆ ಕೈ ಚಾಚಿ ಮಲಗಿದ್ದೂ, ಗುರುವಾರ ಆ ಯಂತ್ರದೊಳಗೆ ಹೋಗಲು ಒಪ್ಪಿಕೊಂಡದ್ದೂ, ನಿಜ ಗೊತ್ತಿದ್ದೂ, ಡಾಕ್ಟರ ಮುಂದೆ ನನ್ನ ಮಾನ ಹೋಗಬಾರದೆಂದೇ? ಆ ಎರಡು ಪುಟ ಹರಿದುಬಿಡೋಣ, ನಿನ್ನ ಮೇಲೆ ಮಾತು ಬಾರದಿರಲಿ ಎಂದುಕೊಂಡೆ. ಹರಿಯಲಿಲ್ಲ. ಆ ಎರಡೂ ವಾರದ ಮುಂದೆ ಪೂರ್ತಿ ಅಳತೆ ಬರೆದಿದ್ದೇನೆ, ಮೂವತ್ತೂವರೆ. ಇನ್ನು ಕಾಯಲಾಗುವುದಿಲ್ಲ, ಈ ವ್ಯಾನಿನಲ್ಲೇ ನಾನೂ ಹತ್ತುತ್ತಿದ್ದೇನೆ. ಪತ್ರವನ್ನು ನನ್ನ ಕೈಯಿಂದಲೇ ಇಸಿದುಕೋ, ನಾನು ಎದುರಿಗೆ ಕೂತಿರುವಾಗಲೇ ಓದು.